56 ಎ.ಪಿ.ಓ. ಅಂದ್ರೆ ಯಾವೂರು?

ಕೊಡಗಿನ ಒಂದು ಅಂಚೆ ಕಛೇರಿ. ಬಟ್ಟೆ ಸುತ್ತಿ ಹೊಲಿದ ಪಾರ್ಸೆಲ್ ಹಿಡಿದು ಒಬ್ಬ ತಾಯಿ ಕೌಂಟರ್ ಮುಂದೆ ನಿಂತಿದ್ದಾರೆ. ಒಳಗೆ ಚಕ್ಕುಲಿ, ಒಂದು ಸ್ವೆಟರು. ವಿಳಾಸದ ಕೊನೆಗೆ ದಪ್ಪಕ್ಷರದಲ್ಲಿ ‘ಲಡಾಖ್’.

“ಊರು ಬರೀಬಾರದು ಅಮ್ಮ” ಎಂದರು ಗುಮಾಸ್ತರು.

“ಊರಿಲ್ಲದೆ ಹೇಗೆ ಹೋಗ್ತದೆ?”

ನ್ಯಾಯವಾದ ಪ್ರಶ್ನೆಯೇ. ಆದರೆ ಹೋಗುತ್ತದೆ ಸ್ವಾಮಿ! ಸೈನಿಕನ ನಂಬರು, ಹುದ್ದೆ, ಹೆಸರು, ಘಟಕ, ‘56 ಎ.ಪಿ.ಓ.’, 9ರಿಂದ ಶುರುವಾಗುವ ಪಿನ್ ಕೋಡ್. ಅಷ್ಟೇ. ಈಶಾನ್ಯದ ಕಡೆ ಇದ್ದರೆ ‘99 ಎ.ಪಿ.ಓ.’. ಘಟಕ ಎಲ್ಲಿದೆ ಎಂಬುದು ಸೇನಾ ಅಂಚೆಯವರ ಗುಟ್ಟು. ಶತ್ರುವಿಗೂ ತಿಳಿಯಬಾರದು, ಹಾಗಾಗಿ ತಾಯಿಗೂ ತಿಳಿಯದು.

ಸಿಯಾಚಿನ್‌ನಲ್ಲಿ 1984ರಿಂದ ನಮ್ಮ ಸೈನ್ಯವಿದೆ. ಮೇಲಿನ ಠಾಣೆಗಳಿಗೆ ಹೆಲಿಕಾಪ್ಟರ್ ಹಾರಿದರೆ ಟಪಾಲು, ಹವೆ ಕೆಟ್ಟರೆ ಇಲ್ಲ. ಹಬ್ಬದ ತಿಂಡಿಯನ್ನು ಹಬ್ಬದ ವಾರ ಕಳಿಸಿ ಫಲವಿಲ್ಲ. ಅಂಗಡಿಯವರೇ, ಪಾರ್ಸೆಲಿಗೆ ಉಪ್ಪಿನಕಾಯಿ ಕೇಳಿದವರಿಗೆ ಗಾಜಿನ ಬಾಟ್ಲಿ ಕೊಡಬೇಡಿ. ಅದು ಒಡೆದರೆ ಪಕ್ಕದ ಹತ್ತು ಮನೆಯ ಕಾಗದ ಎಣ್ಣೆಪಾಲು. ಮೊಬೈಲ್ ಇರುವಾಗ ಕಾಗದ ಯಾಕೆ ಅನ್ನಬೇಡಿ. ಸಿಗ್ನಲ್ ಇಲ್ಲದ ರಾತ್ರಿ ಮತ್ತೆ ಮತ್ತೆ ಓದಲಿಕ್ಕೆ ಅದೊಂದೇ.

ಲಡಾಖಿಗೆ ಗೀಟು ಬಿತ್ತು. “ಮಗನ ನಂಬರು?” ಎಂದು ಗುಮಾಸ್ತರು ಕೇಳಿದರು. ಆಕೆ ಚೀಟಿ ನೋಡಲಿಲ್ಲ. ಅದಷ್ಟೂ ಬಾಯಿಪಾಠ.