ಬಿಲ್ಡರ್ ಕೈಯಲ್ಲಿರುವ ಸಂಘ, ಮನೆ ಕೊಂಡವರ ಹಕ್ಕು

ಬೆಂಗಳೂರಿನ ಸರ್ಜಾಪುರ ರಸ್ತೆಯಲ್ಲೋ ಥಣಿಸಂದ್ರದಲ್ಲೋ ಹೊಸ ಅಪಾರ್ಟ್‌ಮೆಂಟ್‌ಗೆ ಹೋದವರಿಗೆ ಈ ಪರಿಸ್ಥಿತಿ ಗೊತ್ತು. ಒಂದು ಟವರ್‌ನಲ್ಲಿ ಸಂಸಾರಗಳು ನೆಲೆಸಿವೆ, ಪಕ್ಕದ ಟವರ್‌ನಲ್ಲಿ ಇನ್ನೂ ಸೆಂಟ್ರಿಂಗ್ ಕೆಲಸ. ಸೆಕ್ಯುರಿಟಿ, ಲಿಫ್ಟ್, ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ), ನೀರಿನ ಟ್ಯಾಂಕರ್ ಎಲ್ಲವೂ ಬಿಲ್ಡರ್ ನೇಮಿಸಿದ ಏಜೆನ್ಸಿಯ ಸುಪರ್ದಿಯಲ್ಲಿ. ಮಾಲೀಕರ ಸಂಘವಿದ್ದರೆ ಅದರ ಪದಾಧಿಕಾರಿಗಳೂ ಬಿಲ್ಡರ್ ಕಚೇರಿಯವರೇ. ‘ಹ್ಯಾಂಡೋವರ್ ಆಗಲಿ, ಆಮೇಲೆ ನೋಡೋಣ’ ಎನ್ನುವಷ್ಟರಲ್ಲಿ ವರ್ಷಗಳೇ ಉರುಳುತ್ತವೆ. ಅಲ್ಲಿಯತನಕ ಮನೆ ಕೊಂಡವರು ಕೇಳುವಂತಿಲ್ಲ ಎಂಬ ನಂಬಿಕೆ ಎಷ್ಟು ಬೇರೂರಿದೆಯೆಂದರೆ, ಲಕ್ಷಗಟ್ಟಲೆ ಸಾಲ ಮಾಡಿದವರೂ ಬಾಡಿಗೆದಾರರಂತೆ ಸುಮ್ಮನಿರುತ್ತಾರೆ. ಕಾನೂನು ಹೇಳುವುದೇ ಬೇರೆ.

ತಪ್ಪು ಕಲ್ಪನೆ: ಎಲ್ಲ ಮನೆಗಳೂ ಮಾರಾಟವಾದ ಮೇಲಷ್ಟೇ ಸಂಘ ಮಾಡಬಹುದು.

ವಾಸ್ತವ: ರಾಜ್ಯದ ಕಾನೂನು ಬೇರೆ ಗಡುವು ಹೇಳದಿದ್ದರೆ, ಅರ್ಧಕ್ಕಿಂತ ಹೆಚ್ಚು ಮನೆಗಳು ಬುಕ್ ಆದ ಮೂರು ತಿಂಗಳೊಳಗೆ ಸಂಘ ರಚನೆಯಾಗಬೇಕು ಎನ್ನುತ್ತದೆ 2016ರ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆಯ, ಅಂದರೆ ರೇರಾದ, 11ನೇ ಸೆಕ್ಷನ್. ಇಲ್ಲಿರುವ ಮಾತು ಬುಕಿಂಗ್‌ನದು; ಕೊನೆಯ ಮನೆಯ ನೋಂದಣಿಯದಲ್ಲ. ಸಂಘಕ್ಕೆ ಅನುವು ಮಾಡಿಕೊಡುವುದು ಬಿಲ್ಡರ್ ತೋರುವ ಔದಾರ್ಯವಲ್ಲ, ಅವನ ಕರ್ತವ್ಯ. ಸಂಘ ಕಟ್ಟುವುದರಲ್ಲಿ ಪಾಲ್ಗೊಳ್ಳುವುದು ಮನೆ ಕೊಂಡವರ ಕರ್ತವ್ಯವೆಂದೂ ಅದೇ ಕಾಯ್ದೆ 19ನೇ ಸೆಕ್ಷನ್‌ನಲ್ಲಿ ಹೇಳಿದೆ. ಇದನ್ನು ನಾವು ಸುಲಭವಾಗಿ ಮರೆತುಬಿಡುತ್ತೇವೆ.

ತಪ್ಪು ಕಲ್ಪನೆ: ಮಾರಾಟವಾಗದ ಮನೆಗಳೆಲ್ಲ ಬಿಲ್ಡರ್‌ನವು, ಆದ್ದರಿಂದ ಬಹುಮತವೂ ಅವನದೇ, ಪ್ಲಾನ್ ಬದಲಿಸಿದರೆ ತಡೆಯುವವರಿಲ್ಲ.

ವಾಸ್ತವ: ಹೆಚ್ಚು ಜನ ಎಡವುವುದು ಇಲ್ಲಿ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕು. ಸಂಘದ ಸಭೆಯಲ್ಲಿ ಯಾರ ಮತಕ್ಕೆ ಎಷ್ಟು ತೂಕ ಎಂಬುದನ್ನು ಬೈಲಾ ನಿರ್ಧರಿಸುತ್ತದೆ. ಅಲ್ಲಿ ಬಿಲ್ಡರ್ ಕೈ ಮೇಲಾಗಿರಬಹುದು. ಆದರೆ ಮಂಜೂರಾದ ನಕ್ಷೆಯನ್ನೋ ಸಾಮಾನ್ಯ ಜಾಗಗಳನ್ನೋ ಬದಲಿಸಬೇಕಾದರೆ ರೇರಾದ 14ನೇ ಸೆಕ್ಷನ್ ಬೇರೆಯೇ ಲೆಕ್ಕ ಹಾಕುತ್ತದೆ. ಕೊಂಡವರಲ್ಲಿ ಕನಿಷ್ಠ ಮೂರನೇ ಎರಡರಷ್ಟು ಮಂದಿ ಮೊದಲೇ ಲಿಖಿತ ಒಪ್ಪಿಗೆ ಕೊಟ್ಟಿರಬೇಕು, ಈ ಎಣಿಕೆಯಲ್ಲಿ ಬಿಲ್ಡರ್ ಸೇರುವುದಿಲ್ಲ. ಒಬ್ಬನೇ ಹತ್ತು ಮನೆ ಕೊಂಡಿದ್ದರೂ, ಕುಟುಂಬದವರ ಅಥವಾ ಅಂಗಸಂಸ್ಥೆಗಳ ಹೆಸರಲ್ಲಿ ಕೊಂಡಿದ್ದರೂ, ಎಣಿಕೆಗೆ ಅವನು ಒಬ್ಬನೇ. ಆಟದ ಮೈದಾನವೆಂದು ತೋರಿಸಿದ್ದ ಜಾಗದಲ್ಲಿ ಇನ್ನೊಂದು ಬ್ಲಾಕ್ ಏಳುತ್ತಿದ್ದರೆ ಮೊದಲು ಕೇಳಬೇಕಾದದ್ದು ಈ ಒಪ್ಪಿಗೆ ಪತ್ರಗಳನ್ನು.

‘ಅಗ್ರಿಮೆಂಟ್‌ನಲ್ಲೇ ಒಪ್ಪಿ ಸಹಿ ಹಾಕಿದ್ದೀರಿ’ ಎಂಬ ಉತ್ತರ ಬರಬಹುದು. ಮುಂದೆ ಏನು ಬದಲಾದರೂ ಸಮ್ಮತ ಎಂಬ ಇಂಥ ಸಾರಾಸಗಟು ಒಪ್ಪಿಗೆ ಸಲ್ಲದು, ಯಾವ ಬದಲಾವಣೆ ಎಂದು ತಿಳಿಸಿ ಪಡೆದದ್ದೇ ಒಪ್ಪಿಗೆ ಎಂದು ಬಾಂಬೆ ಹೈಕೋರ್ಟ್ 2010ರಲ್ಲಿ ಮಧುವಿಹಾರ್ ಸೊಸೈಟಿ ಪ್ರಕರಣದಲ್ಲಿ ಹೇಳಿತು. ಅದು ಮಹಾರಾಷ್ಟ್ರದ ಕಾಯ್ದೆಯಡಿ ಬಂದ ತೀರ್ಪಾದರೂ ಅದರ ತರ್ಕ ಇಲ್ಲಿನ ವಾದಕ್ಕೂ ಬಲ ಕೊಡುತ್ತದೆ.

ನಿಮ್ಮ ಪಾಲಿನ ಅವಿಭಕ್ತ ಭೂಮಿಯ ವಿಷಯದಲ್ಲಿ ರಕ್ಷಣೆ ಇನ್ನೂ ಗಟ್ಟಿ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಡೀಡ್ ಆಫ್ ಡಿಕ್ಲರೇಷನ್ (ಘೋಷಣಾ ಪತ್ರ) ನೋಂದಣಿಯಾಗಿದ್ದರೆ, ಅದರಲ್ಲಿ ನಮೂದಾದ ಶೇಕಡಾವಾರು ಪಾಲನ್ನು ಎಲ್ಲ ಮಾಲೀಕರೂ ಒಪ್ಪದೆ ಬದಲಿಸುವಂತಿಲ್ಲ. ಈ ಡೀಡ್‌ನ ದೃಢೀಕೃತ ನಕಲು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಗುತ್ತದೆ. ಮನೆಯ ಒಳಾಂಗಣಕ್ಕೆ ಬಣ್ಣ ಆರಿಸಲು ವಾರಗಟ್ಟಲೆ ಕೂರುವವರು ಈ ಕಾಗದ ಓದಲು ಒಂದು ಸಂಜೆಯನ್ನಾದರೂ ಮೀಸಲಿಡಬೇಕು.

ತಪ್ಪು ಕಲ್ಪನೆ: ಮೇಂಟೆನೆನ್ಸ್ ಹಣದ ಲೆಕ್ಕ ಕೇಳುವುದು ಹ್ಯಾಂಡೋವರ್ ಆದ ಮೇಲೆ.

ವಾಸ್ತವ: ರೇರಾ ಪ್ರಕಾರ, ಸಂಘ ನಿರ್ವಹಣೆ ವಹಿಸಿಕೊಳ್ಳುವವರೆಗೆ ಅಗತ್ಯ ಸೇವೆಗಳನ್ನು ‘ಸಮಂಜಸ’ ದರದಲ್ಲಿ ಒದಗಿಸುವುದು ಬಿಲ್ಡರ್ ಹೊಣೆ. ಲೆಕ್ಕವನ್ನೇ ತೋರಿಸದೆ ದರ ಸಮಂಜಸ ಎಂದು ಯಾರು ನಂಬಬೇಕು? 1972ರ ಕರ್ನಾಟಕ ಓನರ್‌ಶಿಪ್ ಫ್ಲ್ಯಾಟ್ಸ್ ಕಾಯ್ದೆ ಇನ್ನೂ ನೇರವಾಗಿದೆ: ಮುಂಗಡ, ಠೇವಣಿ ಎಂದು ಪಡೆದ ಹಣಕ್ಕೆ ಪ್ರತ್ಯೇಕ ಖಾತೆ ಇರಬೇಕು, ಬಿಲ್ಡರ್ ಅದರ ಟ್ರಸ್ಟಿ ಮಾತ್ರ, ಯಾವುದಕ್ಕೆಂದು ಪಡೆದನೋ ಅದಕ್ಕೇ ಖರ್ಚು ಮಾಡಬೇಕು. ಮಾರಾಟವಾಗದ ಮನೆಗಳಿಗೂ ಸಾಮಾನ್ಯ ಖರ್ಚಿನ ಪಾಲು ಉಂಟು. ಡಿಕ್ಲರೇಷನ್ ಆದ ಮೇಲೆ ಆ ಖರ್ಚು ಮಾಲೀಕರೆಲ್ಲರ ಮೇಲೆ ಅವರವರ ಪಾಲಿನಂತೆ ಬೀಳುತ್ತದೆ, ಆ ಮನೆಗಳ ಮಾಲೀಕ ಬಿಲ್ಡರ್ ತಾನೇ?

ತಪ್ಪು ಕಲ್ಪನೆ: ಲೆಕ್ಕ ಕೊಡುವವರೆಗೆ ಮೇಂಟೆನೆನ್ಸ್ ಕಟ್ಟದಿದ್ದರೆ ದಾರಿಗೆ ಬರುತ್ತಾರೆ.

ವಾಸ್ತವ: ಸಿಟ್ಟು ನ್ಯಾಯವಾದದ್ದೇ, ಆದರೆ ಈ ದಾರಿ ಬೇಡ. ಮೇಂಟೆನೆನ್ಸ್ ಕಟ್ಟುವುದು ರೇರಾ ಕಾಯ್ದೆಯಲ್ಲೇ ಕೊಂಡವರ ಮೇಲಿರುವ ಕರ್ತವ್ಯ, ತಡವಾದರೆ ಬಡ್ಡಿ ಬೀಳುತ್ತದೆ. ಕಟ್ಟಿ, ‘ಆಕ್ಷೇಪಣೆಯೊಂದಿಗೆ ಪಾವತಿ’ ಎಂದು ಇಮೇಲ್‌ನಲ್ಲಿ ಬರೆದಿಡಿ.

ತಪ್ಪು ಕಲ್ಪನೆ: ಕ್ರಯಪತ್ರವಾಗಿ ಕೀಲಿ ಪಡೆದ ಮೇಲೆ ದೂರುವ ಹಕ್ಕು ಮುಗಿಯಿತು.

ವಾಸ್ತವ: ಇದಕ್ಕೆ ಉತ್ತರ ಕೊಟ್ಟದ್ದು ಬೆಂಗಳೂರಿನ ಬೇಗೂರಿನ ಅಪಾರ್ಟ್‌ಮೆಂಟ್ ಪ್ರಕರಣವೇ. ಡಿಎಲ್‌ಎಫ್ ಸದರ್ನ್ ಹೋಮ್ಸ್ ವಿರುದ್ಧದ ಆ ಮೊಕದ್ದಮೆಯಲ್ಲಿ, ಕ್ರಯಪತ್ರ ಮಾಡಿಸಿಕೊಂಡ ಮಾತ್ರಕ್ಕೆ ವಿಳಂಬದ ಪರಿಹಾರ ಕೇಳುವ ಹಕ್ಕು ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಹೇಳಿತು. ಇನ್ನು ರೇರಾ ಪ್ರಕಾರ, ಸೋರುವ ಗೋಡೆ, ಬಿರುಕು, ಕೆಟ್ಟ ಪ್ಲಂಬಿಂಗ್‌ನಂಥ ದೋಷಗಳನ್ನು ಸ್ವಾಧೀನ ಪಡೆದ ದಿನದಿಂದ 5 ವರ್ಷದೊಳಗೆ ತಿಳಿಸಿದರೆ ಬಿಲ್ಡರ್ 30 ದಿನದೊಳಗೆ, ದುಡ್ಡು ಕೇಳದೆ ಸರಿಪಡಿಸಬೇಕು. ಈ ಅವಧಿಯ ಎಣಿಕೆ ಸಂಘದ ಹ್ಯಾಂಡೋವರ್‌ಗಾಗಿ ಕಾಯುವುದಿಲ್ಲ. ಕಾಯುತ್ತ ಕೂತವರು ಕಳೆದುಕೊಳ್ಳುವುದು ಈ ವರ್ಷಗಳನ್ನೇ.

ತಪ್ಪು ಕಲ್ಪನೆ: ಸಂಘವಿಲ್ಲದೆ ರೇರಾ ಪ್ರಾಧಿಕಾರಕ್ಕೆ ಹೋಗಲಾಗದು.

ವಾಸ್ತವ: 31ನೇ ಸೆಕ್ಷನ್ ಪ್ರಕಾರ ನೊಂದ ಯಾರೇ ಆದರೂ ಒಬ್ಬರೇ ದೂರು ಕೊಡಬಹುದು. ಅಗ್ರಿಮೆಂಟ್, ಕ್ರಯಪತ್ರ, ರಸೀದಿಗಳು, ದಿನಾಂಕವಿರುವ ಇಮೇಲ್‌ಗಳನ್ನು ಜೋಡಿಸಿಡಿ. ಹಣದ ಪರಿಹಾರಕ್ಕೆ ಆದೇಶ ಸಿಕ್ಕರೂ ಅದು ಭೂಕಂದಾಯದ ಬಾಕಿಯಂತೆ ವಸೂಲಿಯಾಗಬೇಕು, ಆ ಕಡತ ಕಂದಾಯ ಇಲಾಖೆಯಲ್ಲಿ ನಿಧಾನವಾಗಿ ಸಾಗುತ್ತದೆ. ಆದ್ದರಿಂದ ದಾಖಲೆ ಹಸ್ತಾಂತರ, ದುರಸ್ತಿ, ಸಂಘ ರಚನೆಗೆ ನಿರ್ದೇಶನಗಳನ್ನೂ ಕೇಳಿ. ಪ್ರಾಧಿಕಾರದ ನಿರ್ದೇಶನ ಮೀರಿದ ಬಿಲ್ಡರ್‌ಗೆ ದಿನಲೆಕ್ಕದಲ್ಲಿ ದಂಡ ಬೆಳೆಯುತ್ತ ಪ್ರಾಜೆಕ್ಟ್‌ನ ಅಂದಾಜು ವೆಚ್ಚದ ಶೇ 5ರವರೆಗೂ ಹೋಗಬಹುದು.