ಮಂಜರಾಬಾದಿನ ನಕ್ಷತ್ರದುರ್ಗವೂ ಫ್ಲಾರೆನ್ಸ್ ನಗರದ ಕಲೆಯೂ

ಯೂರೋಪಿನ ಪುನರುಜ್ಜೀವನ ಯುಗವನ್ನು ಕುರಿತು ನಮ್ಮ ಕಾಲೇಜುಗಳಲ್ಲಿ ಪಾಠ ಹೇಳುವಾಗ ಇಟಲಿಯ ಫ್ಲಾರೆನ್ಸ್ ನಗರದ ಹೆಸರು ಮೊದಲು ಬರುತ್ತದೆ. ಬ್ರುನೆಲೆಸ್ಕಿಯ ಗುಮ್ಮಟ, ಬೊಟಿಚೆಲ್ಲಿಯ ಚಿತ್ರಗಳು, ಮೈಕೆಲೇಂಜಲೊವಿನ ಡೇವಿಡ್ ಶಿಲ್ಪ, ಮೆಡಿಚಿ ಮನೆತನದ ಆಶ್ರಯ ಇವುಗಳ ಪಟ್ಟಿಯನ್ನು ವಿದ್ಯಾರ್ಥಿಗಳು ಕಂಠಪಾಠ ಮಾಡಿ ಪರೀಕ್ಷೆಯಲ್ಲಿ ಒಪ್ಪಿಸುತ್ತಾರೆ. ಆದರೆ ಆ ಯುಗದ ಬುದ್ಧಿಯು ಹೇಗೆ ಕೆಲಸಮಾಡಿತು ಎಂಬುದು ಅವರ ಅನುಭವಕ್ಕೆ ಬರುವುದಿಲ್ಲ. ಚಿತ್ರಪಟಗಳನ್ನು ಮುದ್ರಿತ ಪುಸ್ತಕಗಳಲ್ಲಿ ನೋಡಿದವರಿಗೆ ಆ ಯುಗವು ದೂರದ ಶ್ರೀಮಂತರ ಸೌಂದರ್ಯಪ್ರೇಮವಾಗಿಯೇ ಉಳಿಯುತ್ತದೆ. ಇತ್ತೀಚೆಗೆ ನಮ್ಮವರಲ್ಲಿಯೂ ಅನೇಕರು ಫ್ಲಾರೆನ್ಸಿಗೆ ಪ್ರವಾಸ ಹೋಗಿಬರುತ್ತಿದ್ದಾರೆ. ಅವರಲ್ಲಿಯೂ ಬಹುಮಂದಿ ಚಿತ್ರಶಾಲೆಗಳನ್ನು ಸುತ್ತಿ ಹಿಂತಿರುಗುವವರೇ.

ಹಾಸನ ಜಿಲ್ಲೆಯ ವಿದ್ಯಾರ್ಥಿಗೆ ಈ ವಿಷಯದಲ್ಲಿ ಒಂದು ವಿಶೇಷ ಅನುಕೂಲವುಂಟು. ಆಲೂರನ್ನು ದಾಟಿ ಸಕಲೇಶಪುರದ ಕಡೆಗೆ ಏರುವ ಗುಡ್ಡಗಾಡಿನ ಪಶ್ಚಿಮದ ಅಂಚಿನಲ್ಲಿ ಮಂಜರಾಬಾದ್ ಕೋಟೆಯಿದೆ. ಫ್ಲಾರೆನ್ಸಿನ ಚಿತ್ರಕಾರರೂ ಶಿಲ್ಪಿಗಳೂ ತಲೆಕೆಡಿಸಿಕೊಂಡಿದ್ದ ಒಂದು ಪ್ರಶ್ನೆಗೆ ಆ ಕೋಟೆಯು ಕಲ್ಲಿನಲ್ಲಿ ಬರೆದ ಉತ್ತರವಾಗಿದೆ. ಅದನ್ನು ಸರಿಯಾಗಿ ನೋಡಲು ಕಲಿತವನು ಫ್ಲಾರೆನ್ಸನ್ನೂ ಸರಿಯಾಗಿ ನೋಡಬಲ್ಲನು. ಈ ಮಾತನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಕೋಟೆಯ ಸ್ವರೂಪ

ಸಕಲೇಶಪುರದಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಕೆಲವೇ ಮೈಲಿಗಳ ದೂರಕ್ಕೆ ದೋಣಿಗಲ್ ಎಂಬ ಸ್ಥಳವಿದೆ. ಅದರ ಬಳಿಯ ಗುಡ್ಡದ ನೆತ್ತಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 988 ಮೀಟರ್ ಎತ್ತರದಲ್ಲಿ, ಈ ಕೋಟೆಯು ನಿಂತಿದೆ. ಇದನ್ನು ಕಟ್ಟಿಸಿದವನು ಟಿಪ್ಪು ಸುಲ್ತಾನನು; ಕೆಲಸ ಮುಗಿದುದು 1792ರಲ್ಲಿ ಎಂದು ಹೇಳುವುದು ವಾಡಿಕೆ. ಸುಲ್ತಾನನು ನೋಡಲು ಬಂದಾಗ ಕೋಟೆಯು ಮಂಜಿನಲ್ಲಿ ಮುಳುಗಿತ್ತೆಂದೂ, ಆದಕಾರಣ ಈ ಹೆಸರು ಬಂದಿತೆಂದೂ ಜನರು ಹೇಳುತ್ತಾರೆ. ಹೊರಗೋಡೆಗಳು ಗ್ರಾನೈಟ್ ಕಲ್ಲು ಮತ್ತು ಗಾರೆಯಿಂದಲೂ, ಒಳಗಿನ ಕಟ್ಟಡಗಳು ಸುಟ್ಟ ಇಟ್ಟಿಗೆಯಿಂದಲೂ ನಿರ್ಮಿತವಾಗಿವೆ. ನಡುವೆ ಶಿಲುಬೆಯಾಕಾರದ ಆಳವಾದ ಕೊಳವಿದೆ. ಅದರ ಪಕ್ಕದಲ್ಲಿ, ಬೇಸಗೆಯಲ್ಲಿಯೂ ತಂಪಾಗಿರುವ ಎರಡು ಕೋಣೆಗಳಿದ್ದು, ಅವು ಮದ್ದಿನ ಮನೆಗಳೆಂದು ಪ್ರತೀತಿ. ಇಲ್ಲಿಂದ ಶ್ರೀರಂಗಪಟ್ಟಣಕ್ಕೆ ಸುರಂಗವಿತ್ತೆಂಬ ಕಥೆಯನ್ನೂ ಕೇಳಬಹುದು. ನೇರದಾರಿಯಲ್ಲಿ ಅಳೆದರೂ ನೂರು ಕಿಲೋಮೀಟರಿಗೆ ಮೀರಿದ ಆ ಅಂತರವನ್ನು ನೆನೆದರೆ, ಆ ಕಥೆಯನ್ನು ಜನಪದ ಕಲ್ಪನೆಯೆಂದು ಬಿಡುವುದೇ ಯುಕ್ತ.

ಈ ಕೋಟೆಯ ವೈಶಿಷ್ಟ್ಯವಿರುವುದು ಅದರ ಆಕಾರದಲ್ಲಿ. ನಮ್ಮ ನಾಡಿನ ಹಳೆಯ ಕೋಟೆಗಳು ಬಹುಮಟ್ಟಿಗೆ ಗುಡ್ಡದ ಮೈಯನ್ನನುಸರಿಸಿ ಹರಿದಿವೆ, ಇಲ್ಲವೇ ಚೌಕವಾಗಿಯೋ ದುಂಡಾಗಿಯೋ ಇವೆ. ಮಂಜರಾಬಾದ್ ಹಾಗಲ್ಲ, ಅದು ಎಂಟು ಮೊನೆಗಳ ನಕ್ಷತ್ರ. ವಿಮಾನದಿಂದಲೋ ಡ್ರೋನಿನಿಂದಲೋ ತೆಗೆದ ಛಾಯಾಚಿತ್ರಗಳಲ್ಲಿ ಅದು ಹಸಿರಿನ ನಡುವೆ ಬಿಡಿಸಿದ ರಂಗವಲ್ಲಿಯಂತೆ ಕಾಣುತ್ತದೆ. ಇಂದು ಅದರ ಖ್ಯಾತಿಗೆ ಮುಖ್ಯ ಕಾರಣವೂ ಈ ಛಾಯಾಚಿತ್ರಗಳೇ. ಆದರೆ ಕಟ್ಟಿದವರು ಅದನ್ನು ಮೇಲಿನಿಂದ ಎಂದೂ ನೋಡಲಿಲ್ಲ. ಅವರು ನೋಡಿದುದು ಗೋಡೆಯ ಮೇಲೆ ನಿಂತ ಸಿಪಾಯಿಯ ಕಣ್ಣಿನಿಂದ.

ಆಕಾರದ ಕಾರಣ

ದುಂಡನೆಯ ಬುರುಜೊಂದನ್ನು ಮನಸ್ಸಿಗೆ ತಂದುಕೊಳ್ಳೋಣ. ಅದರ ಎರಡು ಪಕ್ಕಗಳ ಬುರುಜುಗಳಿಂದ ಅದರ ಬುಡವನ್ನು ನೋಡಿದರೆ, ಬುರುಜಿನ ಮುಂದೆ ತ್ರಿಕೋಣಾಕಾರದ ಒಂದು ಚೂರು ನೆಲವು ಎರಡು ಕಡೆಯಿಂದಲೂ ಕಣ್ಣಿಗೆ ಬೀಳುವುದಿಲ್ಲ. ಕಣ್ಣಿಗೆ ಬೀಳದ ನೆಲಕ್ಕೆ ಗುಂಡೂ ತಲಪುವುದಿಲ್ಲ. ಇದನ್ನು ಕುರುಡು ನೆಲವೆನ್ನಬಹುದು. ಶತ್ರುವು ಅಲ್ಲಿಗೆ ಮುಟ್ಟಿದನೆಂದರೆ ನಿಶ್ಚಿಂತೆಯಿಂದ ಗೋಡೆಯ ಬುಡವನ್ನು ಅಗೆದು ಮದ್ದು ತುಂಬಬಲ್ಲನು. ಈಗ ಬುರುಜಿನ ದುಂಡುಮುಖವನ್ನು ಕಿತ್ತುಹಾಕಿ, ಆ ಕುರುಡು ನೆಲವನ್ನೇ ಗೋಡೆಯೊಳಕ್ಕೆ ಸೇರಿಸಿಕೊಂಡು, ಮೊನೆಯಾದ ಎರಡು ಮುಖಗಳನ್ನು ಎಳೆಯೋಣ. ಆಗ ಪ್ರತಿಯೊಂದು ಮುಖವೂ ಪಕ್ಕದ ಮೂಲೆಯಿಂದ ಉದ್ದಕ್ಕೂ ಕಾಣುತ್ತದೆ. ಒಂದು ಮೂಲೆಯ ಬಂದೂಕು ಇನ್ನೊಂದರ ಬುಡವನ್ನು ಕಾಯುತ್ತದೆ. ಇದನ್ನು ಸುತ್ತಲೂ ಮಾಡಿ ಮುಗಿಸಿದರೆ ನಕ್ಷತ್ರವು ತಾನಾಗಿಯೇ ಮೂಡುತ್ತದೆ.

ಗೋಡೆಯ ಎತ್ತರವೂ ಇಂತಹುದೇ ವಿಚಾರದ ಫಲ. ಎತ್ತರವಾದ ತೆಳುಗೋಡೆಯು ಏಣಿ ಹಾಕುವವರನ್ನು ತಡೆಯುತ್ತದೆ, ಆದರೆ ಫಿರಂಗಿಗೆ ಒಳ್ಳೆಯ ಗುರಿಯಾಗುತ್ತದೆ. ತಗ್ಗಾದ ದಪ್ಪಗೋಡೆ, ಹಿಂದೆ ಮಣ್ಣಿನ ತುಂಬು, ಮುಂದೆ ಕಂದಕ: ಇಂತಹ ರಚನೆಯಲ್ಲಿ ದೂರದ ಗುಂಡಿಗೆ ಗೋಡೆಯ ಅಲ್ಪಭಾಗ ಮಾತ್ರ ಸಿಕ್ಕುತ್ತದೆ, ಬಿದ್ದ ಗುಂಡಿನ ವೇಗವನ್ನು ಮಣ್ಣು ನುಂಗುತ್ತದೆ. ಮಂಜರಾಬಾದಿನ ಸುತ್ತಲಿನ ಕಂದಕ, ಫಿರಂಗಿಯ ನೆಲೆಗಳು, ಬಂದೂಕಿನ ರಂಧ್ರಗಳು ಇವೆಲ್ಲವನ್ನೂ ಈ ದೃಷ್ಟಿಯಿಂದ ಅರ್ಥಮಾಡಿಕೊಳ್ಳಬೇಕು.

ಫ್ಲಾರೆನ್ಸಿನ ಪ್ರಶ್ನೆ

ಈ ವಿಚಾರಸರಣಿಯು ಮೊದಲು ಪರಿಪೂರ್ಣವಾದುದು ಇಟಲಿಯಲ್ಲಿ. 1494ರಲ್ಲಿ ಫ್ರಾನ್ಸಿನ ದೊರೆ ಎಂಟನೆಯ ಚಾರ್ಲ್ಸನು ಕಬ್ಬಿಣದ ಗುಂಡು ಹಾರಿಸುವ, ಬೇಗಬೇಗನೆ ಸಾಗಿಸಬಲ್ಲ ಕಂಚಿನ ಫಿರಂಗಿಗಳೊಡನೆ ಇಟಲಿಯನ್ನು ಹೊಕ್ಕನು. ಹಿಂದೆ ತಿಂಗಳುಗಟ್ಟಲೆ ಮುತ್ತಿಗೆಯನ್ನು ತಡೆದಿದ್ದ ಎತ್ತರದ ಗೋಡೆಗಳು ಅವುಗಳೆದುರು ನಿಲ್ಲಲಿಲ್ಲ. ಆದರೆ ಪ್ರಶ್ನೆಯನ್ನು ಬಿಡಿಸಲು ಬೇಕಾದ ಬುದ್ಧಿಯ ಸಾಧನವು ಅದಕ್ಕೂ ಮೊದಲೇ ಫ್ಲಾರೆನ್ಸಿನಲ್ಲಿ ಸಿದ್ಧವಾಗಿದ್ದಿತು. 1420ರಿಂದ 1436ರವರೆಗೆ ಅಲ್ಲಿನ ಪ್ರಧಾನ ದೇವಾಲಯದ ಮೇಲೆ ಎಂಟು ಮುಖಗಳ ಮಹಾಗುಮ್ಮಟವನ್ನೆತ್ತಿದ ಬ್ರುನೆಲೆಸ್ಕಿಯು, ಅದರ ಎದುರಿಗಿರುವ ಎಂಟುಮೂಲೆಯ ದೀಕ್ಷಾಮಂದಿರವನ್ನು ಹಲಗೆಯ ಮೇಲೆ ಚಿತ್ರಿಸಿ, ಕಣ್ಣಿನಿಂದ ವಸ್ತುವಿಗೆ ಸಾಗುವ ನೇರರೇಖೆಯ ನಿಯಮವನ್ನು ತೋರಿಸಿಕೊಟ್ಟನು. ಆಲ್ಬೆರ್ಟಿಯು 1435ರಲ್ಲಿ ಚಿತ್ರಕಲೆಯನ್ನು ಕುರಿತ ತನ್ನ ಗ್ರಂಥದಲ್ಲಿ ಆ ನಿಯಮವನ್ನು ಶಾಸ್ತ್ರವಾಗಿ ನಿರೂಪಿಸಿದನು. 1485ರಲ್ಲಿ ಫ್ಲಾರೆನ್ಸಿನಲ್ಲಿ ಅಚ್ಚಾದ ತನ್ನ ವಾಸ್ತುಗ್ರಂಥದಲ್ಲಿ ಅದೇ ಆಲ್ಬೆರ್ಟಿಯು ಕೋಟೆಯ ಗೋಡೆಗಳು ಗರಗಸದ ಹಲ್ಲಿನಂತಿರುವುದು ಮೇಲೆಂಬ ಅಭಿಪ್ರಾಯಕ್ಕೂ ಎಡೆಕೊಟ್ಟಿದ್ದಾನೆ. ಚಿತ್ರಕಾರನ ದೃಷ್ಟಿರೇಖೆಯೂ ಗೋಲಂದಾಜನ ಗುಂಡಿನ ರೇಖೆಯೂ ಕಾಗದದ ಮೇಲೆ ಒಂದೇ ಎಂಬುದು ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ. ಒಂದು ಬಿಂದುವಿನಿಂದ ಏನು ಕಾಣುತ್ತದೆ, ಏನು ಮರೆಯಾಗುತ್ತದೆ ಎಂದು ರೇಖೆಯೆಳೆದು ನಿರ್ಣಯಿಸುವ ಅಭ್ಯಾಸವೇ ಎರಡಕ್ಕೂ ಮೂಲ.

ಇದಕ್ಕೆ ಅತ್ಯುತ್ತಮ ಸಾಕ್ಷ್ಯವು ಮೈಕೆಲೇಂಜಲೊ. 1527ರಲ್ಲಿ ಮೆಡಿಚಿಗಳನ್ನು ಹೊರಗಟ್ಟಿ ಗಣರಾಜ್ಯವನ್ನು ಸ್ಥಾಪಿಸಿದ ಫ್ಲಾರೆನ್ಸಿನ ಪೌರರು, ಮುತ್ತಿಗೆ ಸಮೀಪಿಸಿದಾಗ, 1529ರಲ್ಲಿ ಆತನನ್ನು ಕೋಟೆಕೊತ್ತಲಗಳ ಮುಖ್ಯಾಧಿಕಾರಿಯನ್ನಾಗಿ ನೇಮಿಸಿದರು. ನಗರದ ದಕ್ಷಿಣಕ್ಕಿರುವ ಸಾನ್ ಮಿನಿಯಾಟೊ ಗುಡ್ಡವನ್ನು ಆತನು ಭದ್ರಪಡಿಸಿದನು. ಆಗ ಬರೆದ ಸುಮಾರು ಇಪ್ಪತ್ತು ನಕ್ಷೆಗಳು ಫ್ಲಾರೆನ್ಸಿನ ‘ಕಾಸಾ ಬುವೊನರೋಟಿ’ ಎಂಬ ಸಂಗ್ರಹಾಲಯದಲ್ಲಿ ಉಳಿದಿವೆ. ಏಡಿಯ ಕೊಂಡಿಗಳಂತೆ ಚಾಚಿದ ಆ ಕೊತ್ತಲಗಳ ಪ್ರತಿಯೊಂದು ಕಿಂಡಿಯಿಂದಲೂ ಗುಂಡು ಹಾರುವ ರೇಖೆಗಳು ಕಿರಣಗಳಂತೆ ಹೊರಟಿವೆ. ಹತ್ತು ತಿಂಗಳ ಮುತ್ತಿಗೆಯ ತರುವಾಯ 1530ರ ಆಗಸ್ಟಿನಲ್ಲಿ ನಗರವು ಶರಣಾಯಿತು, ಗಣರಾಜ್ಯವು ಅಳಿಯಿತು.

ಅನಂತರದ ಕಥೆಯನ್ನು ಪ್ರವಾಸಿಗರು ಸಾಮಾನ್ಯವಾಗಿ ಕೇಳುವುದಿಲ್ಲ. ಹಿಂತಿರುಗಿದ ಮೆಡಿಚಿಗಳಲ್ಲಿ ಅಲೆಸ್ಸಾಂದ್ರೊ ಎಂಬವನು 1534ರಿಂದ ಮುಂದೆ ‘ಫೋರ್ಟೆಟ್ಸಾ ದಾ ಬಾಸ್ಸೊ’ ಎಂಬ ಐದು ಮೂಲೆಗಳ ಕೋಟೆಯನ್ನು ಕಿರಿಯ ಆಂಟೋನಿಯೊ ದಾ ಸಾಂಗಾಲ್ಲೊವಿನಿಂದ ಕಟ್ಟಿಸಿದನು. 1590ರ ದಶಕದಲ್ಲಿ ಬುವೊಂಟಾಲೆಂಟಿಯು ನಗರದ ಮೇಲಣ ಗುಡ್ಡದಲ್ಲಿ ‘ಬೆಲ್ವೆದೆರೆ’ ಕೋಟೆಯನ್ನು ನಿರ್ಮಿಸಿದನು. ಮೊದಲನೆಯದರ ಮುಖ್ಯ ಗುರಿ ಹೊರಗಿನ ಶತ್ರುವಾಗಿರಲಿಲ್ಲ. ನಗರದ ಪೌರರೇ ಆಗಿದ್ದರು. ಪೌರರನ್ನು ಕಾಯಲೆಂದು ಬೆಳೆಸಿದ ವಿದ್ಯೆಯು ಐದೇ ವರ್ಷಗಳಲ್ಲಿ ಅವರನ್ನು ಅಂಕೆಯಲ್ಲಿಡುವ ಸಾಧನವಾಯಿತು. ಇಂದು ಈ ಎರಡು ಕೋಟೆಗಳಲ್ಲಿಯೂ ಪ್ರದರ್ಶನಗಳು ನಡೆಯುತ್ತವೆ.

ವಿದ್ಯೆ ಬಂದ ದಾರಿ

ಇಟಲಿಯ ಈ ವಿದ್ಯೆಯು ಹದಿನಾರನೆಯ ಶತಮಾನದಲ್ಲಿ ಯೂರೋಪಿನಲ್ಲೆಲ್ಲ ಹಬ್ಬಿತು. ಪೋರ್ಚುಗೀಸರ ಮೂಲಕ ಅದು ನಮ್ಮ ಪಶ್ಚಿಮ ಕರಾವಳಿಗೂ ಬಂದಿತು. ಮಿಲಾನಿನ ಜೊವಾನ್ನಿ ಬಟಿಸ್ಟಾ ಕೈರಾಟಿ ಎಂಬ ಶಿಲ್ಪಜ್ಞನು ಗೋವೆಯಲ್ಲಿ ಪೋರ್ಚುಗೀಸರ ಮುಖ್ಯ ಇಂಜಿನಿಯರಾಗಿದ್ದು 1596ರಲ್ಲಿ ಅಲ್ಲಿಯೇ ತೀರಿಕೊಂಡನು. ಆಫ್ರಿಕದ ಮೊಂಬಾಸಾ ಕೋಟೆಯ ನಕ್ಷೆಯೂ ಅವನದೇ. ಇತ್ತ ಫ್ರಾನ್ಸಿನಲ್ಲಿ ವೊಬಾನ್ ಎಂಬವನು (1633-1707) ಅದೇ ವಿದ್ಯೆಯನ್ನು ಪರಾಕಾಷ್ಠೆಗೇರಿಸಿದನು. ಅವನ ಪದ್ಧತಿಯಂತೆ ಹದಿನೆಂಟನೆಯ ಶತಮಾನದ ಆದಿಯಲ್ಲಿ ಪುದುಚೇರಿಯ ಫ್ರೆಂಚ್ ಕೋಟೆಯು ಎದ್ದು, 1761ರಲ್ಲಿ ಇಂಗ್ಲಿಷರಿಂದ ನೆಲಸಮವಾಯಿತು. ಹೈದರ್ ಮತ್ತು ಟಿಪ್ಪು ಇವರ ಸೇವೆಯಲ್ಲಿ ಫ್ರೆಂಚರಿದ್ದುದು ಸುವಿದಿತ. ಆದಕಾರಣ ಮಂಜರಾಬಾದಿನ ನಕ್ಷೆಯನ್ನು ವೊಬಾನನ ಪರಂಪರೆಗೆ ಸೇರಿಸುವುದು ವಿದ್ವಾಂಸರ ವಾಡಿಕೆ.

ಕಾಲವೂ ಇದಕ್ಕೆ ಅನುಗುಣವಾಗಿದ್ದಿತು. ಮೂರನೆಯ ಮೈಸೂರು ಯುದ್ಧದಲ್ಲಿ, 1791ರ ಮಾರ್ಚಿಯಲ್ಲಿ ಬೆಂಗಳೂರಿನ ಕೋಟೆಯೂ, ಅದೇ ವರ್ಷದ ಕೊನೆಗೆ ನಂದಿದುರ್ಗ, ಸಾವನದುರ್ಗಗಳೂ ಕಾರ್ನ್‌ವಾಲಿಸನ ಫಿರಂಗಿಗಳಿಗೆ ವಶವಾದವು. 1792ರ ಒಪ್ಪಂದದಲ್ಲಿ ಟಿಪ್ಪುವು ಅರ್ಧ ರಾಜ್ಯವನ್ನು ಕಳೆದುಕೊಂಡನು. ಕೊಡಗು ಅವನ ಕೈಬಿಟ್ಟಿತು, ಮಂಗಳೂರು ಉಳಿಯಿತು. ಮಂಗಳೂರಿನಿಂದ ಮೇಲಕ್ಕೆ ಬರುವ ಘಟ್ಟದ ದಾರಿಯು ಆಗ ಎಷ್ಟು ಅಮೂಲ್ಯವಾಗಿದ್ದಿತೆಂಬುದನ್ನು ಭೂಪಟವೇ ಹೇಳುತ್ತದೆ. ಆದರೂ ಈ ಸೀಮೆಯ ಮುಂದಿನ ಕಾಳಗವು ನಕ್ಷತ್ರದುರ್ಗದ ಸುತ್ತ ನಡೆಯಲಿಲ್ಲ. ಟಿಪ್ಪುವಿನ ಮರಣಾನಂತರ ಬಲಂ ಸೀಮೆಯ ಪಾಳೆಯಗಾರನು ಕಾಡಿನ ನಡುವಣ ಅರಕೆರೆಯನ್ನು ನೆಚ್ಚಿ ಎದುರುನಿಂತನು; 1802ರಲ್ಲಿ ಆರ್ಥರ್ ವೆಲ್ಲೆಸ್ಲಿಯು ಅವನನ್ನು ಸೋಲಿಸಿದನು. ರೇಖಾಗಣಿತದ ಕೋಟೆಗಿಂತ ಮಲೆನಾಡಿನ ದಟ್ಟಡವಿಯೇ ಅವನಿಗೆ ಆಸರೆಯಾಗಿ ತೋರಿತೆಂಬುದು ಚಿಂತನಾರ್ಹ.

ಒಂದು ಎಚ್ಚರಿಕೆ

ಇಲ್ಲಿ ಇತಿಹಾಸದ ವಿದ್ಯಾರ್ಥಿಗೆ ಒಂದು ಎಚ್ಚರಿಕೆ ಅವಶ್ಯಕ. ಫ್ಲಾರೆನ್ಸಿನಲ್ಲಿ ಹುಟ್ಟಿದ ಫಿಲರೇಟೆ ಎಂಬ ಶಿಲ್ಪಿಯು 1460ರ ದಶಕದಲ್ಲಿ ಬರೆದ ಗ್ರಂಥದಲ್ಲಿ ‘ಸ್ಫೋರ್ಟ್ಸಿಂದಾ’ ಎಂಬ ಆದರ್ಶ ನಗರವನ್ನು ಕಲ್ಪಿಸಿದ್ದಾನೆ. ಎರಡು ಚೌಕಗಳನ್ನು ಒಂದರ ಮೇಲೊಂದು ಓರೆಯಾಗಿಟ್ಟರೆ ದೊರೆಯುವ ಎಂಟು ಮೊನೆಗಳ ನಕ್ಷತ್ರವೇ ಅದರ ಆಕಾರ. ಆ ನಗರವನ್ನು ಯಾರೂ ಕಟ್ಟಲಿಲ್ಲ. ಅದರ ನಕ್ಷೆಯನ್ನು ಮಂಜರಾಬಾದಿನ ಪಕ್ಕದಲ್ಲಿಟ್ಟು ನೋಡಿದವರಿಗೆ ಒಂದು ಇನ್ನೊಂದರ ಮಗುವೆಂದು ತೋರಬಹುದು. ಆದರೆ ಇದೇ ಹಾಸನ ಜಿಲ್ಲೆಯಲ್ಲಿ, ಸಕಲೇಶಪುರಕ್ಕೆ ಸಮೀಪದ ಬೇಲೂರಿನಲ್ಲಿ, 1117ರ ಚೆನ್ನಕೇಶವ ದೇವಾಲಯದ ಗರ್ಭಗೃಹದ ಹೊರಮೈಯೂ ನಕ್ಷತ್ರಾಕಾರವೇ ಆಗಿದೆ, ಹಳೇಬೀಡಿನದೂ ಹಾಗೆಯೇ. ಚೌಕವನ್ನು ಕೇಂದ್ರದ ಸುತ್ತ ತಿರುಗಿಸಿ ಮೂಲೆಗಳನ್ನು ಪಡೆಯುವ ಕ್ರಮವನ್ನು ಹೊಯ್ಸಳ ಶಿಲ್ಪಿಗಳು ಫಿಲರೇಟೆಗೆ ಮೂರು ಶತಮಾನಗಳ ಹಿಂದೆಯೇ ಬಲ್ಲವರಾಗಿದ್ದರು. ಹಾಗೆಂದು ಇಟಲಿಯವರು ಬೇಲೂರಿನಿಂದ ಕಲಿತರೆಂದು ಯಾರೂ ಹೇಳಲಾರರು.

ರೂಪದ ಹೋಲಿಕೆಯೊಂದರಿಂದಲೇ ಸಂಬಂಧವು ಸಿದ್ಧಿಸುವುದಿಲ್ಲವೆಂಬುದು ಇದರಿಂದ ಸ್ಪಷ್ಟ. ಬೇಲೂರಿನ ಮೂಲೆಗಳು ಬೆಳಕುನೆರಳಿಗೂ ಮೂರ್ತಿಗಳ ಸಾಲಿಗೂ ಎಡೆಮಾಡಿಕೊಡುತ್ತವೆ. ಫಿಲರೇಟೆಯ ಮೂಲೆಗಳು ನಗರದ ಸಮಪ್ರಮಾಣವನ್ನು ಸಾರುತ್ತವೆ. ಮಂಜರಾಬಾದಿನ ಮೂಲೆಗಳು ಕುರುಡು ನೆಲವನ್ನು ಇಲ್ಲವಾಗಿಸುತ್ತವೆ. ಮಂಜರಾಬಾದನ್ನು ಇಟಲಿಯೊಡನೆ ಸೇರಿಸುವುದು ಎಂಟೆಂಬ ಸಂಖ್ಯೆಯಲ್ಲ. ಮೂಲೆಯನ್ನು ಅಲ್ಲಿಟ್ಟ ಕಾರಣವೂ, ಆ ಕಾರಣವು ಗೋವೆ, ಪುದುಚೇರಿಗಳ ಮೂಲಕ ಇತ್ತ ಸಾಗಿಬಂದ ದಾರಿಯೂ.

ನೋಡುವ ಬಗೆ

ಆದುದರಿಂದ ಕಾಲೇಜಿನ ಅಧ್ಯಾಪಕರು ಪುನರುಜ್ಜೀವನ ಯುಗದ ಪಾಠಕ್ಕೆ ಮೊದಲು ವಿದ್ಯಾರ್ಥಿಗಳನ್ನು ಒಂದು ದಿನ ಮಂಜರಾಬಾದಿಗೆ ಕರೆದೊಯ್ಯುವುದು ಒಳ್ಳೆಯದು. ಮಳೆಗಾಲ ಕಳೆದು ಮಂಜು ಹರಿದ ಹೊತ್ತು ಇದಕ್ಕೆ ತಕ್ಕದ್ದು. ಒಬ್ಬನು ಗೋಡೆಯ ಹೊರಬುಡದಲ್ಲಿ ಸುರಕ್ಷಿತವಾದ ಕಡೆ ನಿಲ್ಲಲಿ. ಉಳಿದವರು ಒಂದೊಂದು ಮೂಲೆಗೆ ಹೋಗಿ ಅವನು ಎಲ್ಲಿಂದ ಕಾಣುತ್ತಾನೆ, ಎಲ್ಲಿಂದ ಮರೆಯಾಗುತ್ತಾನೆ ಎಂಬುದನ್ನು ಗುರುತಿಸಿ, ಕಾಗದದ ಮೇಲೆ ರೇಖೆಗಳನ್ನೆಳೆಯಲಿ. ಒಂದು ಗಂಟೆಯ ಈ ಕೆಲಸದ ಅಂತ್ಯದಲ್ಲಿ ಅವರ ಕೈಯಲ್ಲಿರುವ ಹಾಳೆಯು ಮೈಕೆಲೇಂಜಲೊವಿನ ಹಾಳೆಗಳಿಗೆ ದೂರದ ಬಂಧುವಾಗಿರುತ್ತದೆ. ಮರುದಿನ ತರಗತಿಯಲ್ಲಿ ದೃಷ್ಟಿರೇಖೆಯ ಚಿತ್ರಕಲೆಯನ್ನು ವಿವರಿಸುವುದು ಕಷ್ಟವಾಗಲಾರದು.

ಮುಂದೆ ಅವರಲ್ಲಿ ಯಾರಾದರೂ ಫ್ಲಾರೆನ್ಸಿಗೆ ಹೋದರೆ, ಚಿತ್ರಶಾಲೆಗಳ ಜೊತೆಗೆ ಮುಖ್ಯ ರೈಲುನಿಲ್ದಾಣದ ಸಮೀಪದ ಫೋರ್ಟೆಟ್ಸಾ ದಾ ಬಾಸ್ಸೊವನ್ನೂ, ಸಾನ್ ಮಿನಿಯಾಟೊ ಗುಡ್ಡವನ್ನೂ ನೋಡಲಿ. ಅಲ್ಲಿ ನಿಂತು ಈ ಮೂಲೆಯಿಂದ ಏನು ಕಾಣುತ್ತದೆ, ಈ ಫಿರಂಗಿ ಯಾರ ಕಡೆಗೆ ಮುಖಮಾಡಿತ್ತು ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಮೊದಲನೆಯದು ಕಲೆಯ ಪ್ರಶ್ನೆ, ಎರಡನೆಯದು ರಾಜ್ಯಾಧಿಕಾರದ ಪ್ರಶ್ನೆ. ಫ್ಲಾರೆನ್ಸಿನ ಇತಿಹಾಸದಲ್ಲಿ ಅವೆರಡನ್ನೂ ಬೇರ್ಪಡಿಸಲಾಗದು. ದೋಣಿಗಲ್ಲಿನ ಗುಡ್ಡದ ಮೇಲೂ ಅಷ್ಟೆ.