ಬಾಯಿ ಮುಕ್ಕಳಿಸುವ ಔಷಧಿ: ಯಾವುದು, ಎಷ್ಟು ದಿನ?

ಹಲ್ಲುಜ್ಜುವಾಗ ಒಸಡಿನಿಂದ ರಕ್ತ ಬರುತ್ತಿದೆಯೇ? ಬಾಯಿ ವಾಸನೆಯೂ ಇದೆಯೇ? ಹಾಗಿದ್ದರೆ ಅಂಗಡಿಯಿಂದ ಮೌತ್‌ವಾಷ್ ಬಾಟಲಿ ತರುವ ಮೊದಲು ಈ ಕೆಲವು ವಿಷಯ ತಿಳಿದುಕೊಳ್ಳಿ.

ಈ ತೊಂದರೆಗೆ ಸಾಮಾನ್ಯ ಕಾರಣ ಒಸಡಿನ ಅಂಚಿನಲ್ಲಿ ಹಲ್ಲಿಗೆ ಕಟ್ಟಿಕೊಳ್ಳುವ ಪಾಚಿಯಂಥ ಅಂಟುಪದರ. ವೈದ್ಯರು ಇದನ್ನು ಪ್ಲಾಕ್ ಎನ್ನುತ್ತಾರೆ. ಇದರ ತುಂಬ ಬ್ಯಾಕ್ಟೀರಿಯಾಗಳಿರುತ್ತವೆ. ತೆಗೆಯದೆ ಬಿಟ್ಟರೆ ಗಟ್ಟಿಯಾಗಿ ಕಿಟ್ಟವಾಗುತ್ತದೆ. ಒಸಡು ಊದಿ, ಕ್ರಮೇಣ ಹಲ್ಲೇ ಸಡಿಲವಾಗಬಹುದು.

ಕ್ಲೋರ್‌ಹೆಕ್ಸಿಡಿನ್: ಪ್ಲಾಕ್ ತಡೆಯುವುದರಲ್ಲಿ ಇದಕ್ಕೇ ಮೊದಲ ಸ್ಥಾನ. ಶೇ. 0.2ರ ದ್ರಾವಣವನ್ನು ದಿನಕ್ಕೆ 2 ಬಾರಿ ಮುಕ್ಕಳಿಸಿದವರಲ್ಲಿ, ಹಲ್ಲುಜ್ಜದಿದ್ದರೂ ಪ್ಲಾಕ್ ಕಟ್ಟಲಿಲ್ಲವೆಂದು 1970ರಲ್ಲಿ ಲೋ ಮತ್ತು ಷಿಯೊಟ್ ಎಂಬ ಸಂಶೋಧಕರು ತೋರಿಸಿದರು. ಇದು ಹಲ್ಲಿಗೂ ಬಾಯಿಯ ಒಳಪದರಕ್ಕೂ ಅಂಟಿಕೊಂಡು ಹಲವು ಗಂಟೆ ಕೆಲಸ ಮಾಡುತ್ತದೆ. ಆದರೆ ಕೆಲವು ವಾರ ಬಳಸಿದರೆ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ. ಕಾಫಿ, ಚಹಾ ಕುಡಿಯುವವರಲ್ಲಿ ಇನ್ನೂ ಹೆಚ್ಚು. ನಾಲಿಗೆಗೆ ರುಚಿ ಕೆಡುತ್ತದೆ, ಕಿಟ್ಟವೂ ಹೆಚ್ಚಬಹುದು. ಆದ್ದರಿಂದ ದಂತವೈದ್ಯರು ಹೇಳಿದಷ್ಟು ದಿನ ಮಾತ್ರ ಬಳಸಿ.

ಸುಗಂಧ ತೈಲದ ದ್ರಾವಣಗಳು: ಇವುಗಳಲ್ಲಿ ಓಮದಲ್ಲಿರುವ ಥೈಮಾಲ್, ನೀಲಗಿರಿ ಎಣ್ಣೆಯ ಯೂಕಲಿಪ್ಟಾಲ್ ಮುಂತಾದವು ಇರುತ್ತವೆ. ಪ್ಲಾಕ್ ತಡೆಯುವ ಶಕ್ತಿ ಕ್ಲೋರ್‌ಹೆಕ್ಸಿಡಿನ್‌ಗಿಂತ ಕಡಿಮೆ. ಆದರೆ ಕಲೆಯ ಕಾಟ ಅಷ್ಟಿಲ್ಲದ ಕಾರಣ ಹೆಚ್ಚು ಕಾಲ ಬಳಸಬಹುದು. ಬಾಯಿ ಉರಿಯುವವರು ಆಲ್ಕೋಹಾಲ್ ಇಲ್ಲದ್ದನ್ನು ಆರಿಸಿಕೊಳ್ಳಿ.

ಸೆಟೈಲ್‌ಪಿರಿಡಿನಿಯಮ್: ಪ್ಲಾಕ್ ಮೇಲೆ ಇದರ ಪರಿಣಾಮ ಸಾಧಾರಣ.

ಉಪ್ಪುನೀರು: ನೋವು, ಹುಣ್ಣಿಗೆ ಹಿತ. ಪ್ಲಾಕ್ ತಡೆಯಲು ಇದನ್ನೇ ನಂಬಿ ಕೂರಬೇಡಿ.

ಬಳಸುವಾಗ ಗಮನಿಸಿ: ಟೂತ್‌ಪೇಸ್ಟಿನ ನೊರೆ ಬರಿಸುವ ಅಂಶ ಕ್ಲೋರ್‌ಹೆಕ್ಸಿಡಿನ್‌ನ ಬಲ ಕುಗ್ಗಿಸುತ್ತದೆ. ಹಲ್ಲುಜ್ಜಿ, ಚೆನ್ನಾಗಿ ಬಾಯಿ ತೊಳೆದು, ಅರ್ಧ ಗಂಟೆ ಬಿಟ್ಟು 10 ಮಿ.ಲೀ. ಔಷಧಿಯನ್ನು 1 ನಿಮಿಷ ಮುಕ್ಕಳಿಸಿ ಉಗುಳಿ. ನುಂಗಬಾರದು. ಕೂಡಲೇ ನೀರಿನಿಂದ ಬಾಯಿ ತೊಳೆಯಬೇಡಿ. 6 ವರ್ಷದೊಳಗಿನ ಮಕ್ಕಳಿಗೆ ಮೌತ್‌ವಾಷ್ ಬೇಡ, ಅವರು ನುಂಗಿಬಿಡುತ್ತಾರೆ.

ಆಗಲೇ ದಪ್ಪಗೆ ಕಟ್ಟಿರುವ ಪ್ಲಾಕ್‌ನ ಒಳಕ್ಕೆ ಯಾವ ಔಷಧಿಯೂ ಸರಿಯಾಗಿ ಇಳಿಯುವುದಿಲ್ಲ. ಅದನ್ನು ಬ್ರಷ್‌ನಿಂದಲೇ ತೆಗೆಯಬೇಕು. ಕಿಟ್ಟವಾಗಿದ್ದರೆ ದಂತವೈದ್ಯರೇ ತೆಗೆಯಬೇಕು. ವಾಸನೆ ಹೋಯಿತೆಂದು ಸುಮ್ಮನಾದರೆ ಒಳಗೊಳಗೇ ರೋಗ ಬೆಳೆಯುತ್ತದೆ. ಸಕ್ಕರೆ ಕಾಯಿಲೆಯವರು ಇನ್ನೂ ಎಚ್ಚರವಾಗಿರಬೇಕು: ಸಕ್ಕರೆ ಹೆಚ್ಚಾದರೆ ಒಸಡು ಕೆಡುತ್ತದೆ, ಒಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ರಕ್ತ ಬರುವುದು 2 ವಾರದಲ್ಲಿ ನಿಲ್ಲದಿದ್ದರೆ ಬಾಟಲಿ ಬದಲಿಸಬೇಡಿ, ದಂತವೈದ್ಯರಿಗೆ ತೋರಿಸಿ.